ಶಾಲು ಯಾರಿಗೆ, ಮೈಕು ಯಾರಿಗೆ?

ನಾನು ಎಂ.ಎ. ಓದುತ್ತಿದ್ದಾಗಿನ ಮಾತು. ಒಂದು ಮಾರ್ಚ್ 8ರಂದು ನಮ್ಮೂರಿನ ಪೌರಕಾರ್ಮಿಕರ ಯೂನಿಯನ್ನಿನವರು ನನ್ನ ಅವ್ವನಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಅವ್ವ ಇಪ್ಪತ್ತೆರಡು ವರ್ಷ ಬೆಳಗಿನ ಜಾವ ಬೀದಿ ಗುಡಿಸಿದವಳು. ಮೂರು ತಿಂಗಳ ಸಂಬಳ ನಿಂತಾಗ ಕಂಟ್ರಾಕ್ಟರನ ಮನೆ ಮುಂದೆ ಪೊರಕೆ ಇಟ್ಟು ಕೂತವರಲ್ಲಿ ಮೊದಲನೆಯವಳು. ಆವತ್ತು ವೇದಿಕೆಯಲ್ಲಿ ಐದು ಜನ ಮಾತಾಡಿದರು. ಐದೂ ಜನ ಗಂಡಸರು, ಒಬ್ಬರೂ ಪೊರಕೆ ಹಿಡಿದವರಲ್ಲ. ಕೊನೆಗೆ ಮೈಕು ಅವ್ವನ ಕೈಗೆ ಬಂದಾಗ ಊಟದ ಹೊತ್ತಾಗಿತ್ತು. ಎರಡೇ ಮಾತಲ್ಲಿ ಮುಗಿಸಮ್ಮ ಅಂದರು. ಅವ್ವ ಕೈ ಮುಗಿದು ಕೂತಳು.

ಅವಳ ಸೆರಗಿನ ಗಂಟಿನಲ್ಲಿ ನಾನು ಬರೆದುಕೊಟ್ಟಿದ್ದ ಒಂದು ಪುಟದ ಭಾಷಣವಿತ್ತು. ಶೋಷಣೆ, ಹೋರಾಟ, ಸ್ವಾಭಿಮಾನ ಎಲ್ಲ ಇತ್ತು ಅದರಲ್ಲಿ. ಮನೆಗೆ ಬಂದ ಮೇಲೆ ಸಿಟ್ಟಿನಿಂದಲೇ ಕೇಳಿದೆ, ಯಾಕವ್ವ ಹೇಳಲಿಲ್ಲ ಅಂತ. "ಅದು ನಿನ್ ಮಾತು ಕಣವ್ವ. ನಾನ್ ಹೇಳ್ಬೇಕು ಅಂತಿದ್ದುದ್ದೇ ಬ್ಯಾರೆ" ಅಂದಳು. ಏನು ಹೇಳಬೇಕು ಅಂತಿದ್ದೆ? "ನಾಕ್ ಗಂಟೆಗೆ ಎದ್ದು ಬತ್ತೀವಿ, ಹನ್ನೊಂದ್ರವರ್ಗೂ ಉಚ್ಚೆ ಉಯ್ಯಕ್ಕೆ ಜಾಗಿಲ್ಲ. ಅದ್ಕೇ ನೀರೇ ಕುಡಿಯಲ್ಲ ನಾವು. ಅದ ಹೇಳವ ಅಂತಿದ್ದೆ. ಅಷ್ಟ್ ಜನ ಗಂಡಸ್ರ ಮುಂದೆ ಎಂಗ್ ಹೇಳದು?"

ಈ ಲೇಖನ ಶುರುವಾಗಬೇಕಾದದ್ದು ಇಲ್ಲಿಂದಲೇ. ಐದು ಜನ ಮುಖಂಡರು ವೇತನ, ಖಾಯಮಾತಿ, ಬಂಡವಾಳಶಾಹಿ ಕುರಿತು ಮಾತಾಡಿದರು. ಅವು ಬೇಡದ ಮಾತುಗಳೇನಲ್ಲ. ಆದರೆ ಆ ಸಭೆಯಲ್ಲಿದ್ದ ಇನ್ನೂರು ಹೆಂಗಸರೂ ದಿನಾ ಬೆಳಿಗ್ಗೆ ಅನುಭವಿಸುವ ಸಂಗತಿ ಯಾರ ಬಾಯಿಗೂ ಬರಲಿಲ್ಲ. ಮಗಳಾದ ನಾನು ಬರೆದ ಭಾಷಣಕ್ಕೂ ಬರಲಿಲ್ಲ. ಯೂನಿಯನ್ನು ಅವ್ವನಿಗೆ ಶಾಲು ಹೊದಿಸಿತು. ನಾನು ನನ್ನ ಓದಿನ ಭಾಷೆ ಹೊದಿಸಲು ಹೋಗಿದ್ದೆ. ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಹೆಣ್ಣು ನಾಯಕತ್ವವನ್ನು ಸಂಭ್ರಮಿಸಬೇಕು, ಬೆಳೆಸಬೇಕು ಎಂಬುದು ಈಗ ಕಾರ್ಮಿಕ ಸಂಘಟನೆಗಳ ಠರಾವುಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ಸಂಭ್ರಮಿಸುವುದು ಸುಲಭ, ಅದಕ್ಕೆ ವರ್ಷಕ್ಕೊಂದು ದಿನ ಸಾಕು. ಬೆಳೆಸುವುದು ಎಂದರೆ ಏನು ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಯಾಕೆಂದರೆ ಆ ಮಾತಿನೊಳಗೆ ಒಂದು ಗ್ರಹಿಕೆ ಅಡಗಿದೆ: ಹೆಂಗಸರಲ್ಲಿ ನಾಯಕತ್ವ ಇಲ್ಲ, ನಾವು ಶಿಬಿರ ಮಾಡಿ ಅದನ್ನು ತುಂಬಬೇಕು ಅಂತ. ಈ ಗ್ರಹಿಕೆಯೇ ತಪ್ಪು ಎನ್ನುವುದು ನನ್ನ ವಾದ.

ಚರಿತ್ರೆ ನೋಡೋಣ. ನಾಗಪುರದ ಗಿರಣಿಯಲ್ಲಿ ದುಡಿಯುತ್ತಿದ್ದ ರಾಧಾಬಾಯಿ ಕಾಂಬಳೆ ಎಂಬ ದಲಿತ ಹೆಣ್ಣುಮಗಳು 1929ರಲ್ಲಿ ನೇಮಕವಾದ ಕಾರ್ಮಿಕರ ಕುರಿತ ರಾಯಲ್ ಕಮಿಷನ್ನಿನ ಮುಂದೆ ಸಾಕ್ಷಿ ನುಡಿದವಳು. ನಮ್ಮ ಕಾರ್ಮಿಕ ಚರಿತ್ರೆಯ ಪಾಠಗಳಲ್ಲಿ ಈ ಹೆಸರು ನಾನು ಓದಿದ ನೆನಪಿಲ್ಲ. ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ 1989ರಲ್ಲಿ ಮರಾಠಿಯಲ್ಲಿ ತಂದ 'ಆಮ್ಹಿಹೀ ಇತಿಹಾಸ್ ಘಡವಲಾ' ಎಂಬ ಪುಸ್ತಕ ಇಂಥ ಹೆಂಗಸರನ್ನು ಹುಡುಕಿ ದಾಖಲು ಮಾಡಿತು. ನಾವೂ ಇತಿಹಾಸ ಕಟ್ಟಿದೆವು ಎಂಬುದು ಆ ಹೆಸರಿನ ಅರ್ಥ. ಆ 'ನಾವೂ' ಎಂಬ ಪದದಲ್ಲಿ ಎರಡು ಕಡೆಗೆ ತಕರಾರಿದೆ. ಕಾರ್ಮಿಕ ಚಳವಳಿ ದಲಿತೆಯನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ, ದಲಿತ ಚಳವಳಿ ಹೆಣ್ಣನ್ನು ಬರೆದಿಡಲಿಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ನಡೆದ ದಲಿತ ಮಹಿಳಾ ಸಮ್ಮೇಳನಕ್ಕೆ ಸಾವಿರಾರು ಹೆಂಗಸರು ಬಂದಿದ್ದರು, ಸುಲೋಚನಾಬಾಯಿ ಡೋಂಗ್ರೆ ಅಧ್ಯಕ್ಷತೆ ವಹಿಸಿದ್ದರು. ನಮ್ಮಲ್ಲಿ ಬಹುಪಾಲು ಜನಕ್ಕೆ ಆ ಸಮ್ಮೇಳನ ಎಂದರೆ ಅಂಬೇಡ್ಕರ್ ಮಾಡಿದ ಭಾಷಣ ಮಾತ್ರ.

ಇಲ್ಲಿ ಎಡಪಂಥದ ಗೆಳೆಯರು ಒಂದು ಮಾತು ಹೇಳುತ್ತಾರೆ. ಕಾರ್ಮಿಕ ಸಂಘಟನೆಯೊಳಗೆ ಜಾತಿ ತಂದರೆ, ಹೆಣ್ಣು ಗಂಡು ಎಂದರೆ, ವರ್ಗ ಒಡೆಯುತ್ತದೆ ಅಂತ. ಒಡೆಯಲು ಅದು ಯಾವಾಗ ಒಂದಾಗಿತ್ತು? ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲು ಕಡಿದಾಗ ಅದನ್ನು ಬಾಯಿಂದ ಎಳೆಯಬೇಕಿತ್ತು. ಎಂಜಲಾಗುತ್ತದೆ ಎಂದು ತಕರಾರು ಮಾಡುತ್ತಿದ್ದವರು ಮಾಲೀಕರಲ್ಲ, ಜೊತೆಯ ಸವರ್ಣ ಕಾರ್ಮಿಕರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಎತ್ತಿದ ಪ್ರಶ್ನೆ ಇದು. ಅದೇ ವರ್ಷ ಮುಂಬೈ ಶಾಸನಸಭೆಯಲ್ಲಿ ಅವರು ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು. 1938ರ ಫೆಬ್ರವರಿಯಲ್ಲಿ ಮನ್ಮಾಡಿನ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ನಿಮಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎಂಬ ಇಬ್ಬರು ಶತ್ರುಗಳಿದ್ದಾರೆ ಎಂಬ ಅರ್ಥದ ಮಾತಾಡಿದರು. ಎಂಜಲು, ಬಸಿರು, ಕೂಲಿ ಮೂರೂ ಒಂದೇ ಕಾರ್ಮಿಕ ಪ್ರಶ್ನೆ ಎಂಬ ತಿಳುವಳಿಕೆ ಅಲ್ಲಿತ್ತು. ನಾವು ಆಮೇಲೆ ಅವನ್ನು ಮೂರು ಸಂಘಟನೆಗಳಿಗೆ ಹಂಚಿಬಿಟ್ಟೆವು.

ಈ ಹಂಚಿಕೆಯ ಫಲ ಏನೆಂಬುದನ್ನು ಮುನ್ನಾರಿನ ಹೆಂಗಸರು ತೋರಿಸಿದರು. 2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನ ಚಹಾ ತೋಟಗಳಲ್ಲಿ ಎಲೆ ಕೀಳುವ ಸಾವಿರಾರು ಹೆಂಗಸರು ರಸ್ತೆಗೆ ಬಂದು ಕೂತರು. ತಮಿಳು ಮಾತಾಡುವವರು, ಹೆಚ್ಚಿನವರು ದಲಿತರು, ತಲೆಮಾರುಗಳಿಂದ ಲೈನುಮನೆಗಳಲ್ಲಿ ಬದುಕಿದವರು. ಬೋನಸ್ಸನ್ನು ಶೇ. 10ಕ್ಕೆ ಇಳಿಸಿದ್ದರ ವಿರುದ್ಧ ಎದ್ದ ಮುಷ್ಕರ ಅದು. ಆದರೆ ಅವರ ಸಿಟ್ಟು ಕಂಪನಿಯ ಮೇಲೆ ಮಾತ್ರ ಇರಲಿಲ್ಲ. ಎಡ ಬಲ ಎನ್ನದೆ ಎಲ್ಲ ಯೂನಿಯನ್ನಿನ ಮುಖಂಡರನ್ನೂ ಅವರು ಹತ್ತಿರ ಸೇರಿಸಲಿಲ್ಲ. ಯೂನಿಯನ್ ಕಚೇರಿಯ ಮುಂದೆಯೇ ಧಿಕ್ಕಾರ ಕೂಗಿದರು. ಕಾರ್ಮಿಕ ಚಳವಳಿಯ ತವರು ಎನಿಸಿಕೊಂಡ ನಾಡಿನಲ್ಲಿ ಇದು ನಡೆಯಿತು. 'ಪೆಂಬಿಳೈ ಒರುಮೈ', ಹೆಂಗಸರ ಒಗ್ಗಟ್ಟು, ಎಂದು ಹೆಸರಿಟ್ಟುಕೊಂಡರು. ಸುಮಾರು ಒಂಬತ್ತು ದಿನಕ್ಕೆ ಶೇ. 20 ಕೊಡಲು ಕಂಪನಿ ಒಪ್ಪಿತು.

ಇವರಿಗೆ ಯಾವ ಶಿಬಿರದಲ್ಲಿ ನಾಯಕತ್ವ ಕಲಿಸಿದ್ದರು? ಯಾವ ಶಿಬಿರದಲ್ಲೂ ಇಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದಾಗಲೂ ಹಾಗೇ ಆಯಿತು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ಸುದ್ದಿ ಹೊಲಿಗೆ ಸಾಲಿನಿಂದ ಸಾಲಿಗೆ ಹಬ್ಬಿತು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಪತ್ರಿಕೆಗಳು ಇದನ್ನು 'ನಾಯಕರಿಲ್ಲದ ಹೋರಾಟ' ಎಂದು ಕರೆದವು, ನಮ್ಮ ಚಿಂತಕರೂ ಹಾಗೇ ಬರೆದರು. ನನ್ನ ತಕರಾರು ಇಲ್ಲಿಯೇ. ನಾಯಕರಿಲ್ಲದೆ ಅಷ್ಟು ಫ್ಯಾಕ್ಟರಿಗಳ ಜನ ಒಂದೇ ದಿನ ಹೊರಗೆ ಬರುತ್ತಾರಾ? ನಾಯಕರು ಇದ್ದರು. ನಮಗೆ ಗುರುತು ಸಿಗಲಿಲ್ಲ ಅಷ್ಟೆ. ಯಾಕೆಂದರೆ ನಾಯಕ ಎಂದರೆ ನಮ್ಮ ಕಣ್ಣಿಗೆ ಜುಬ್ಬಾ ತೊಟ್ಟು ಮೈಕಿನ ಮುಂದೆ ನಿಂತ ಗಂಡಸು.

ಅವ್ವನ ಗ್ಯಾಂಗಿನಲ್ಲಿ ಹದಿನಾಲ್ಕು ಜನ ಇದ್ದರು. ಬಸುರಿ ಹೆಂಗಸಿನ ಬೀದಿಯನ್ನು ಯಾರು ಗುಡಿಸಬೇಕು, ಮೇಸ್ತ್ರಿ ಹಾಜರಿ ಪುಸ್ತಕದಲ್ಲಿ ಹೆಸರು ಬಿಟ್ಟರೆ ಯಾರು ಹೋಗಿ ಕೇಳಬೇಕು, ಚೀಟಿ ದುಡ್ಡು ಈ ತಿಂಗಳು ಯಾರಿಗೆ ಮೊದಲು, ಗಂಡ ಕುಡಿದು ಹೊಡೆದವಳು ರಾತ್ರಿ ಯಾರ ಮನೆಯಲ್ಲಿ ಮಲಗಬೇಕು, ಇದೆಲ್ಲ ತೀರ್ಮಾನ ಆಗುತ್ತಿದ್ದದ್ದು ಬೆಳಿಗ್ಗೆ ಟೀ ಕುಡಿಯುವ ಹತ್ತು ನಿಮಿಷದಲ್ಲಿ. ಮುಷ್ಕರದ ದಿನ ಹದಿನಾಲ್ಕೂ ಜನ ಬಂದು ಕೂತದ್ದು ಯೂನಿಯನ್ನಿನ ಕರಪತ್ರ ಓದಿ ಅಲ್ಲ, ಈ ಹತ್ತು ನಿಮಿಷಗಳ ಬಲದಿಂದ. ಇದಕ್ಕೆ ಯೂನಿಯನ್ನಿನ ಭಾಷೆಯಲ್ಲಿ 'ಒಗ್ಗಟ್ಟು' ಎನ್ನುತ್ತಾರೆ. ನಾಯಕತ್ವ ಎನ್ನುವುದಿಲ್ಲ. ಆ ಹೆಸರನ್ನು ಮಾತುಕತೆಗೆ ಹೋಗುವವರಿಗೆ ಇಟ್ಟುಕೊಂಡಿದ್ದಾರೆ.

ನಮ್ಮ ಸಾಹಿತ್ಯ ವಿಮರ್ಶೆಯೂ ಇದೇ ಕೆಲಸ ಮಾಡಿದೆ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನೇ ತೆಗೆದುಕೊಳ್ಳಿ. ಸಾಕವ್ವ ಎಂದರೆ ಮಣ್ಣಿನ ಸತ್ವ, ಆದಿಮ ತಾಯಿ, ನೋವುಂಡ ಒಡಲು ಎಂಬ ಮಾತುಗಳನ್ನು ನಾವು ಪಾಠದಲ್ಲಿ ಕೇಳಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ, ಈಗ ನಾನೇ ಅದನ್ನು ಮಕ್ಕಳಿಗೆ ಹೇಳುತ್ತೇನೆ. ಆದರೆ ಕಳೆದುಹೋದ ಒಂದು ಹುಂಜಕ್ಕಾಗಿ ಬಿಡದೆ ಹುಡುಕಾಡುವ ಸಾಕವ್ವ, ಅಷ್ಟು ದೊಡ್ಡ ಸಂಸಾರವನ್ನು ಬೈಯುತ್ತ, ಹಂಚುತ್ತ, ಲೆಕ್ಕ ಇಡುತ್ತ ನಡೆಸುವ ಯಜಮಾನಿ ಕೂಡ. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವುದು ಹಸಿದವರ ಹಬ್ಬ ಮಾತ್ರವಾ? ಪೊಲೀಸರಿಗೆ ಒಂದು ಸಿಪ್ಪೆಯೂ ಸಿಗದ ಹಾಗೆ ಮಾಡುವುದು ಸಾಮೂಹಿಕ ಕೆಲಸವಲ್ಲವಾ? ಅಲ್ಲಿರುವ ಕಟ್ಟುವ ಬುದ್ಧಿಯನ್ನು ನಾವು ಗಮನಿಸಲಿಲ್ಲ. ಬಂಡಾಯದ ನಾಯಕನನ್ನು ಪಂಜು ಹಿಡಿದ ಯುವಕನಲ್ಲಿ ಹುಡುಕಿದೆವು, ಅವ್ವನನ್ನು ಕಣ್ಣೀರಿಗೆ ಇಟ್ಟೆವು. ಅವ್ವನ ಮೇಲೆ ಪದ್ಯ ಬರೆಯದ ದಲಿತ ಕವಿ ಇಲ್ಲ. ಆ ಅವ್ವ ಸಭೆಯಲ್ಲಿ ಎದ್ದು ಲೆಕ್ಕ ಕೇಳಿದ ಪದ್ಯ ಎಷ್ಟಿವೆ? ಇದನ್ನು ಮೇಲ್ಜಾತಿಯ ವಿಮರ್ಶಕರ ಹುನ್ನಾರ ಎಂದು ಹೇಳಿ ನಾವು ಪಾರಾಗುವಂತಿಲ್ಲ. ಇದರಲ್ಲಿ ನಮ್ಮ ಪಾಲೂ ಇದೆ.

ಹಾಗೆಂದು ಇನ್ನೊಂದು ಬಗೆಯ ಪೂಜೆಗೆ ನಾನು ಇಳಿಯಬಾರದು. ಮುನ್ನಾರಿನ ಕತೆ ಶೇ. 20ಕ್ಕೆ ಮುಗಿಯಲಿಲ್ಲ. ದಿನಗೂಲಿ 232ರಿಂದ 500 ರೂಪಾಯಿಗೆ ಏರಬೇಕೆಂಬ ಬೇಡಿಕೆ 301ಕ್ಕೆ ನಿಂತಿತು. ಆ ಒಪ್ಪಂದದ ಮೇಜಿನಲ್ಲಿ ಕೂತಿದ್ದು ಮತ್ತೆ ಹಳೆಯ ಯೂನಿಯನ್ನುಗಳೇ. ಅದೇ ನವೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಕೆಲವು ಸೀಟು ಗೆದ್ದ ಹೆಂಗಸರು ಆಮೇಲೆ ತಮ್ಮಲ್ಲೇ ಒಡೆದುಹೋದರು. 2020ರ ಆಗಸ್ಟಿನಲ್ಲಿ ಪೆಟ್ಟಿಮುಡಿಯ ಲೈನುಮನೆಗಳ ಮೇಲೆ ಗುಡ್ಡ ಕುಸಿದು ಸುಮಾರು 70 ಜನ ಸತ್ತಾಗ, ನಮಗೆ ಮನೆ ಕಟ್ಟಲು ಭೂಮಿ ಕೊಡಿ ಎಂದು ಮುಖ್ಯಮಂತ್ರಿಯ ದಾರಿಗೆ ಅಡ್ಡ ಕೂತ ಗೋಮತಿಯನ್ನು ಪೊಲೀಸರು ಎತ್ತಿಕೊಂಡು ಹೋದರು. ಐದು ವರ್ಷದ ಹಿಂದೆ ಅವರ ಸುತ್ತ ಸಾವಿರಾರು ಜನ ಇದ್ದರು. ಒಂಬತ್ತು ದಿನದ ಸಿಟ್ಟಿಗೆ ಒಂಬತ್ತು ವರ್ಷ ಬಾಳುವ ಸಂಘಟನೆ ಬೇಕು. ರಸೀದಿ ಪುಸ್ತಕ, ನೋಂದಣಿ, ಕಾನೂನು, ಎರಡನೇ ಸಾಲಿನ ಜನ, ಭಿನ್ನಾಭಿಪ್ರಾಯ ಬಂದಾಗ ಕೂತು ಮಾತಾಡುವ ರೂಢಿ ಬೇಕು. ಹಳೆಯ ಯೂನಿಯನ್ನುಗಳು ಈ ವಿದ್ಯೆಗಳನ್ನೆಲ್ಲ ಬಲ್ಲವು, ತಮ್ಮ ಹೆಣ್ಣು ಸದಸ್ಯರಿಗೆ ಕಲಿಸಲಿಲ್ಲ ಅಷ್ಟೆ.

ನನ್ನ ಅವ್ವನೂ ದೇವತೆಯಲ್ಲ. ಸನ್ಮಾನ ಆದ ಮೇಲೆ ಒಂದು ವರ್ಷ ಅವಳನ್ನು ಕಮಿಟಿಗೆ ಸೇರಿಸಿಕೊಂಡಿದ್ದರು. ಸಮವಸ್ತ್ರ ಬಂದಾಗ ಪಟ್ಟಿಯಲ್ಲಿ ತನ್ನ ಗ್ಯಾಂಗಿನವರ ಹೆಸರನ್ನೇ ಮೊದಲು ಬರೆಸಿದಳು. ಬೇರೆ ಗ್ಯಾಂಗಿನ ಹೆಂಗಸರು ಮನೆ ಮುಂದೆ ಬಂದು ಜಗಳ ಆಡಿದರು. ಅವ್ವನಿಗೆ ಅವಮಾನವಾಯಿತು, ಕಮಿಟಿ ಬಿಟ್ಟಳು. ಮುಖಂಡರೊಬ್ಬರು "ಇದಕ್ಕೇ ಹೇಳದು, ಹೆಂಗಸರ ಕೈಗೆ ಕೊಡಬಾರದು" ಅಂದರಂತೆ. ಗಂಡಸರು ಇಷ್ಟು ವರ್ಷ ತಮ್ಮವರ ಹೆಸರನ್ನೇ ಮೊದಲು ಬರೆದಾಗ ಅದು ಗಂಡಸರ ತಪ್ಪು ಎಂದು ಯಾರೂ ಹೇಳಿರಲಿಲ್ಲ. ಗಂಡಸಿಗೆ ತಪ್ಪು ಮಾಡಿ ಕಲಿಯುವ ಅವಕಾಶವಿದೆ. ಹೆಂಗಸಿಗೆ ಒಂದೇ ಅವಕಾಶ. ಬೆಳೆಸುವುದು ಎಂದರೆ ಈ ಎರಡನೆಯ ಅವಕಾಶ ಕೊಡುವುದು ಎಂದೇ ನನಗನಿಸುತ್ತದೆ.

ಉಳಿದದ್ದು ಬಹಳ ಸಣ್ಣ ಸಂಗತಿಗಳು. ಸಭೆ ರಾತ್ರಿ ಏಳಕ್ಕೋ, ಮಧ್ಯಾಹ್ನ ಕೆಲಸ ಬಿಟ್ಟ ಮೇಲೋ? ರಾತ್ರಿ ಇಟ್ಟರೆ ಅಡುಗೆ ಮಾಡುವವಳು ಬರುವುದಿಲ್ಲ. ಖಜಾಂಚಿ ಯಾರು? ಮಹಿಳಾ ಘಟಕ ಅಂತ ಒಂದು ಬದಿಗೆ ಕೂರಿಸಿ ಲೆಕ್ಕದ ಪುಸ್ತಕ ಕೊಡದಿದ್ದರೆ ಅದು ನಾಯಕತ್ವವಲ್ಲ. ಅಧಿಕಾರಿಯ ಜೊತೆ ಮಾತುಕತೆಗೆ ಹೋಗುವ ತಂಡದಲ್ಲಿ ಕೆಲಸ ಮಾಡುವ ಹೆಂಗಸರು ಎಷ್ಟು? 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಕೂಡ ಕಾರ್ಖಾನೆಯ ಕುಂದುಕೊರತೆ ಸಮಿತಿಯಲ್ಲಿ ಹೆಂಗಸರು ತಮ್ಮ ಸಂಖ್ಯೆಗೆ ತಕ್ಕಂತೆ ಇರಬೇಕು ಎನ್ನುತ್ತದೆ. ಕಾರ್ಮಿಕರು ವಿರೋಧಿಸಿದ ಕಾನೂನಿಗೆ ಇರುವಷ್ಟು ಲೆಕ್ಕಾಚಾರ ನಮ್ಮ ಯೂನಿಯನ್ನಿನ ಬೈಲಾಗೆ ಇಲ್ಲ ಎಂದರೆ ನಾಚಿಕೆಯಾಗಬೇಕು.

ಬೆಂಗಳೂರಿನಲ್ಲಿ ಕಸ ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು, ಹೆಚ್ಚಿನವರು ದಲಿತರು. ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ ಪೌರಕಾರ್ಮಿಕರ ಪರವಾಗಿ ಶಿಫಾರಸು ಮಾಡಿತ್ತು. 2022ರ ಜುಲೈ ಮೊದಲ ವಾರ ಅವರು ಕೆಲಸ ನಿಲ್ಲಿಸಿ ಕೂತ ಮೇಲೆ ಸರ್ಕಾರ ಲಿಖಿತ ಭರವಸೆ ಕೊಟ್ಟಿತು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಖಾಯಂ ನೇಮಕದ ಆದೇಶ ಸಿಕ್ಕಿತು. ಇದು ಆ ಹೆಂಗಸರು ಗೆದ್ದದ್ದು. ಈ ಚರಿತ್ರೆಯನ್ನು ಯಾರು ಬರೆಯುತ್ತಾರೆ, ಅದರಲ್ಲಿ ಯಾರ ಹೆಸರು ಇರುತ್ತದೆ ಎಂಬುದು ದಲಿತ ವಿಮರ್ಶೆಯ ಪ್ರಶ್ನೆ. ಮರಾಠಿಯ ಆ ಇಬ್ಬರು ಹೆಂಗಸರು ಊರೂರು ತಿರುಗಿ ಮುದುಕಿಯರ ಮುಂದೆ ಕೂತು ಮಾಡಿದ ಕೆಲಸವನ್ನು ಕನ್ನಡದಲ್ಲಿ ನಾವಿನ್ನೂ ಸರಿಯಾಗಿ ಶುರು ಮಾಡಿಲ್ಲ.

ಅವ್ವ ಈಗ ಕೆಲಸಕ್ಕೆ ಹೋಗುತ್ತಿಲ್ಲ. ಅವಳಿಗೆ ಖಾಯಂ ಆಗಲಿಲ್ಲ. ಶಾಲು ಪೆಟ್ಟಿಗೆಯಲ್ಲಿದೆ, ಚಳಿಗಾಲದಲ್ಲಿ ನನ್ನ ತಂಗಿಯ ಮಗುವಿಗೆ ಹೊದಿಸುತ್ತಾಳೆ. ಮೊನ್ನೆ ಈ ಲೇಖನ ಬರೆಯುತ್ತಿದ್ದೇನೆಂದು ಹೇಳಿದಾಗ, "ಕಕ್ಕಸಿನ ವಿಚಾರ ಬರ್ದಿದ್ದೀಯಾ?" ಅಂತ ಕೇಳಿದಳು. ಬರೆದಿದ್ದೇನೆ ಅಂದೆ. "ಸರಿ ಬುಡು, ಅದೇ ಮೊದ್ಲು ಬರ್ಲಿ" ಅಂದಳು. ಅದಕ್ಕೇ ಮೊದಲು ಬರೆದೆ.