ಬೀರುವಿನ ಬೀಗ, ಮೊಬೈಲಿನ ಬೀಗ

'ಇನ್ನು ಶಾಲೆಗೆ ಲೈಬ್ರರಿ ಯಾಕ್ರೀ, ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ' ಎಂಬ ಮಾತು ಈಗ ಶಿಕ್ಷಕರ ಸಭೆಗಳಲ್ಲೂ ಕೇಳಿಬರುತ್ತಿದೆ. ಹೇಳುವವರು ಪ್ರಗತಿಪರರ ಧಾಟಿಯಲ್ಲೇ ಹೇಳುತ್ತಾರೆ. ಡಿಜಿಟಲ್ ಯುಗ ಬಂತು, ಪುಸ್ತಕದ ಕಾಲ ಮುಗಿಯಿತು ಎನ್ನುತ್ತಾರೆ. ನನಗಿರೋದು ಒಂದೇ ಅನುಮಾನ. ನಮ್ಮ ಹಳ್ಳಿ ಶಾಲೆಗಳಲ್ಲಿ ಪುಸ್ತಕದ ಕಾಲ ಶುರುವಾದದ್ದು ಯಾವಾಗ? ಶುರುವೇ ಆಗದ್ದು ಮುಗಿಯೋದು ಹೇಗೆ?

ನಾನು ಓದಿದ ಶಾಲೆಯಲ್ಲಿ ಗ್ರಂಥಾಲಯ ಅಂದರೆ ಹೆಡ್‌ಮಾಸ್ತರ ಕುರ್ಚಿಯ ಹಿಂದೆ ನಿಂತಿದ್ದ ಹಸಿರು ಬಣ್ಣದ ಕಬ್ಬಿಣದ ಬೀರು. ಅದರ ಕೀಲಿಕೈ ಮೇಜಿನ ಖಾನೆಯಲ್ಲಿ. ಮೇಜಿನ ಖಾನೆಗೂ ಒಂದು ಬೀಗ. ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಬಾಗಿಲು ತೆರೆಯುತ್ತಿತ್ತು. ಆ ಕೋಣೆಯ ಕಸ ಗುಡಿಸುವ ಸರದಿ ಯಾವಾಗಲೂ ನಮ್ಮ ಕೇರಿಯ ಹುಡುಗರದೇ ಆದ್ದರಿಂದ ಬೀರುವಿನ ಮುಂದಿನ ನೆಲ ನಮಗೆ ಚೆನ್ನಾಗಿ ಪರಿಚಯವಿತ್ತು. ಒಳಗೆ ಏನಿದೆ ಎಂಬುದು ಏಳನೇ ಕ್ಲಾಸು ಮುಗಿಸಿ ಹೊರಬೀಳುವವರೆಗೂ ಗೊತ್ತಾಗಲಿಲ್ಲ.

ಆ ಮೇಷ್ಟರು ಕೆಟ್ಟವರೇನಲ್ಲ. ಅವರ ತಲೆಯ ಮೇಲೆ ಸ್ಟಾಕ್ ರಿಜಿಸ್ಟರ್ ಎಂಬ ದೆವ್ವ ಕೂತಿತ್ತು. ಪುಸ್ತಕ ಕಳೆದರೆ ಆಡಿಟ್ಟಿನವರು ಕೇಳುತ್ತಾರೆ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಮಕ್ಕಳು ಓದದೇ ಹೋದರೆ ಕೇಳೋರು ಯಾರೂ ಇಲ್ಲ. ಹೀಗಿದ್ದ ಮೇಲೆ ಯಾವ ಬುದ್ಧಿವಂತ ಬೀಗ ತೆಗೆಯುತ್ತಾನೆ? ಪುಸ್ತಕವನ್ನು ಮಗುವಿನಿಂದ ಕಾಪಾಡುವುದೇ ಗ್ರಂಥಾಲಯದ ಕೆಲಸ ಎಂದು ವ್ಯವಸ್ಥೆಯೇ ಕಲಿಸಿಕೊಟ್ಟಿತ್ತು. ಇದರಲ್ಲಿ ಜಾತಿ ಎಲ್ಲಿ ಬಂತು ಎಂದು ಕೇಳಬಹುದು. ಸ್ವಾಮಿ, ಮನೆಯಲ್ಲಿ ಅಪ್ಪ, ತಾತ ಕೂಡಿಟ್ಟ ಪುಸ್ತಕವಿದ್ದ ಹುಡುಗನಿಗೆ ಆ ಬೀರು ಮುಚ್ಚಿದ್ದರೇನು, ತೆರೆದಿದ್ದರೇನು? ಅದು ಮುಚ್ಚಿದ್ದರೆ ನಷ್ಟ ಯಾರ ಮನೆಯಲ್ಲಿ ಪಂಚಾಂಗವೂ ಇರಲಿಲ್ಲವೋ ಅವರಿಗೆ.

ಸರ್ಕಾರ ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಪುಸ್ತಕಗಳೂ ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕಗಳಿರುವ ಗ್ರಂಥಾಲಯ ಇರಲೇಬೇಕು ಎಂದು ಬರೆಯಲಾಯಿತು. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಪುಸ್ತಕದ ಅನುದಾನ. ಹಣ ಬಂತು, ಪುಸ್ತಕವೂ ಬಂತು. ಬಾರದೇ ಇದ್ದದ್ದು ಒಂದೇ: ಮಗುವಿನ ಕೈಗೆ ಪುಸ್ತಕ ಕೊಡುವ ಮನುಷ್ಯ. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಗ್ರಂಥಪಾಲಕ ಎಂಬ ಹುದ್ದೆ ಕಂಡವರುಂಟೆ? ಬಿಸಿಯೂಟದ ಅಕ್ಕಿ ಲೆಕ್ಕ, ಜನಗಣತಿ, ಚುನಾವಣೆ ಎಲ್ಲಾ ಮುಗಿಸಿ ಉಸಿರು ಬಿಡುವ ಮೇಷ್ಟರಿಗೇ ಗ್ರಂಥಾಲಯದ 'ಹೆಚ್ಚುವರಿ ಪ್ರಭಾರ'.

ಇನ್ನು ಬಂದ ಪುಸ್ತಕಗಳಾದರೂ ಎಂಥವು? 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದದ್ದಕ್ಕೆ ಊರೂರಲ್ಲಿ ಬೆಂಕಿ ಬಿತ್ತು. ದಲಿತ ಹುಡುಗರು ಏಟು ತಿಂದರು. ಅವರ ಮಂತ್ರಿಗಿರಿ ಹೋಯಿತು. ಅವತ್ತು ಕೂಗಾಡಿದವರು ಒಂದು ಕೆಲಸ ಮಾಡಬಹುದಿತ್ತು. ಪಕ್ಕದ ಹಳ್ಳಿ ಶಾಲೆಯ ಬೀರು ತೆಗೆದು, ಇದರಲ್ಲಿ ಚರ್ಮ ಹದ ಮಾಡುವವನ ಮಗ ಎಲ್ಲಿದ್ದಾನೆ, ಕಸ ಬಳಿಯುವವಳ ಮಗಳು ಎಲ್ಲಿದ್ದಾಳೆ ಎಂದು ಹುಡುಕಬಹುದಿತ್ತು.

ಅಂಬೇಡ್ಕರ್ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು ಓದಿದ್ದು ಎಲ್ಲರಿಗೂ ಗೊತ್ತು. ಆದರೆ ಅವರ ಬಾಲ್ಯದ ಇನ್ನೊಂದು ಪ್ರಸಂಗವನ್ನು ನಮ್ಮ ಶಿಕ್ಷಕರು ನೆನೆಯಬೇಕು. ಬೊಂಬಾಯಿಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟರಿದ್ದರು. ತೋಟದಲ್ಲಿ ಕೂತು ಓದುತ್ತಿದ್ದ ಈ ಹುಡುಗನನ್ನು ಕಂಡು ಮಾತಾಡಿಸಿದರು, ಪುಸ್ತಕ ಕೊಟ್ಟರು. ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನೂ ಕೊಟ್ಟರು. ಅದನ್ನು ಓದಿದ ಹುಡುಗ ಅಪ್ಪನನ್ನು ಕೇಳಿದ: ರಾಮಾಯಣ, ಮಹಾಭಾರತ ಓದು ಅಂತ ಕೂರಿಸಿದೆಯಲ್ಲ, ಇದನ್ನು ಯಾಕೆ ಕೊಡಲಿಲ್ಲ? ಈ ಪ್ರಶ್ನೆಯನ್ನು ಅವರು ತಮ್ಮ ಕೊನೆಯ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ನೆನೆದಿದ್ದಾರೆ. ಒಂದು ಪುಸ್ತಕ ಇನ್ನೊಂದು ಪುಸ್ತಕದ ಜತೆ ಜಗಳಕ್ಕೆ ನಿಲ್ಲುವ ಜಾಗವೇ ಗ್ರಂಥಾಲಯ. ಪಠ್ಯಪುಸ್ತಕ ಹೇಳಿದ್ದನ್ನೇ ಹೇಳುವ ನೂರು ಪುಸ್ತಕ ತುಂಬಿದರೆ ಅದು ಉಗ್ರಾಣ.

ಈ ಅಳತೆಗೋಲು ಹಿಡಿದು ಡಿಜಿಟಲ್ ಯುಗಕ್ಕೆ ಬರೋಣ. 2017ರಲ್ಲಿ ದೀಕ್ಷಾ ಎಂಬ ವೇದಿಕೆ ಬಂತು. ಪಾಠಪುಸ್ತಕದ ಪುಟದಲ್ಲಿ ಕಪ್ಪು ಚೌಕದ ಗುರುತು, ಅದಕ್ಕೆ ಮೊಬೈಲು ಹಿಡಿದರೆ ವಿಡಿಯೋ ಬರುತ್ತದೆ. ನೋಡಿದೆ. ಒಳ್ಳೆಯದೂ ಇದೆ, ವಿಜ್ಞಾನದ ಪ್ರಯೋಗಗಳು ನಿಜಕ್ಕೂ ಉಪಯೋಗ. ಆದರೆ ಹೆಚ್ಚಿನ ಕಡೆ ತೆರೆದುಕೊಳ್ಳೋದು ಏನು? ಅದೇ ಪಾಠ, ಇನ್ನೊಂದು ಬಾಯಲ್ಲಿ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೂ ಪಠ್ಯದ ಹೊರಗಿನದು ನಾಲ್ಕಾದರೂ ಇರುತ್ತಿತ್ತು. ಇಲ್ಲಿ ಪಠ್ಯದಿಂದ ಹೊರಟವನು ತಿರುಗಿ ಪಠ್ಯಕ್ಕೇ ಬಂದು ಬೀಳುತ್ತಾನೆ, ಗಾಣದ ಎತ್ತಿನ ಹಾಗೆ.

ಆ ಮೊಬೈಲಾದರೂ ಯಾರದು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4.4, ಇಂಟರ್‌ನೆಟ್ ಸೌಲಭ್ಯವಿದ್ದ ಮನೆ 14.9. ಆಮೇಲೆ ಸ್ಮಾರ್ಟ್‌ಫೋನು ಬೇಗ ಹರಡಿತು. ಶಾಲೆಗೆ ಹೋಗುವ ಮಕ್ಕಳಿರುವ ಹಳ್ಳಿ ಮನೆಗಳಲ್ಲಿ 2018ರಲ್ಲಿ ನೂರಕ್ಕೆ 36.5 ಇದ್ದದ್ದು 2020ಕ್ಕೆ 61.8 ಆಯಿತೆಂದು ಅಸರ್ ಸಮೀಕ್ಷೆ ಹೇಳಿತು. ಇದ್ದರೂ ಅದು ಮನೆಯ ಮೊಬೈಲು, ಮಗುವಿನದಲ್ಲ. ಬೆಳಗ್ಗೆ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತದೆ, ಕತ್ತಲಾದ ಮೇಲೆ ವಾಪಸು ಬರುತ್ತದೆ. ಆಗ ಅದು ಮೊದಲು ಅಣ್ಣನ ಕೈಗೆ. ತಂಗಿಯ ಸರದಿ ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ, ಇಲ್ಲ ಅವಳು ಪಾತ್ರೆ ತಿಕ್ಕುತ್ತಿರುತ್ತಾಳೆ. ಶಾಲೆಗೆ ಕೊಟ್ಟ ಟ್ಯಾಬು, ಸ್ಮಾರ್ಟ್ ಟೀವಿಗಳ ಕತೆ ಕೇಳಬೇಡಿ. ಪುಸ್ತಕ ನೂರು ರೂಪಾಯಿಯದು, ಇವು ಸಾವಿರಗಟ್ಟಲೆ. ಬೀಗ ಇನ್ನೂ ದೊಡ್ಡದಾಯಿತು, ಅಷ್ಟೆ. ಮುಟ್ಟಿದರೆ ಮಾತ್ರ ಕೆಲಸ ಮಾಡುವ ಪರದೆಯನ್ನು ತಂದಿಟ್ಟು, ಅದನ್ನು ಮುಟ್ಟಬೇಡಿ ಎಂದು ಹೇಳುವ ದೇಶ ನಮ್ಮದು.

2020ರ ಮಾರ್ಚಿನಲ್ಲಿ ಕೊರೋನಾಗೆ ಶಾಲೆ ಮುಚ್ಚಿತು. ಆಗಸ್ಟಿನಲ್ಲಿ ವಿದ್ಯಾಗಮ ಎಂದು ಮೇಷ್ಟರುಗಳು ಮರದ ನೆರಳಿಗೆ, ಸಮುದಾಯ ಭವನಕ್ಕೆ, ದೇವಸ್ಥಾನದ ಜಗಲಿಗೆ ಹೋಗಿ ಪಾಠ ಮಾಡಿದರು. ಆ ದುಡಿಮೆಗೆ ಕೈಮುಗಿಯಬೇಕು. ಆದರೂ ಕೇಳಲೇಬೇಕು: ಯಾರು ಹತ್ತಬಹುದಾದ ಜಗಲಿ ಅದು? ಇನ್ನೊಂದು ಮಾತು. ತಿಂಗಳುಗಟ್ಟಲೆ ಮಕ್ಕಳು ಮನೆಯಲ್ಲಿದ್ದಾಗ ಎಷ್ಟು ಶಾಲೆಗಳು ಬೀರು ತೆರೆದು, ಮನೆಗೆ ಎರಡೆರಡು ಪುಸ್ತಕ ಹಂಚಿದವು? ಅದಕ್ಕೆ ಕರೆಂಟು ಬೇಡ, ಸಿಗ್ನಲ್ ಬೇಡ, ಗುಡ್ಡ ಹತ್ತಬೇಕಾಗಿಲ್ಲ. ಹಂಚಿದವರು ಅಲ್ಲೊಬ್ಬರು ಇಲ್ಲೊಬ್ಬರು. ಉಳಿದವರಿಗೆ ಹೊಳೆಯಲೇ ಇಲ್ಲ, ಯಾಕೆಂದರೆ ಆ ಬೀರು ಮಕ್ಕಳದ್ದೆಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಕಾಗದಕ್ಕೆ ಇನ್ನೊಂದು ಗುಣವುಂಟು. 2022ರಲ್ಲಿ ನಮ್ಮ ರಾಜ್ಯದ ಪಠ್ಯಗಳನ್ನು ಪರಿಷ್ಕರಿಸಿದಾಗ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆ ಹಿಂದಕ್ಕೆ ತೆಗೆದುಕೊಂಡರು. 2023ರಲ್ಲಿ ಸರ್ಕಾರ ಬದಲಾಗಿ ಮತ್ತೆ ಕೆಲವು ಪಾಠ ಹೋದವು, ಸಾವಿತ್ರಿಬಾಯಿ ಫುಲೆ ಬಂದರು. ಬಂದದ್ದು ಸಂತೋಷವೇ. ಆದರೆ ಜಾಲತಾಣದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸಲು ಒಂದು ಬೆರಳು ಸಾಕು, ಆ ಬೆರಳು ನಾಳೆ ಯಾರದೋ. ಶಾಲೆಯ ಮೂಲೆಯಲ್ಲಿ ಮೂರೂ ವರ್ಷದ ಪುಸ್ತಕ ಉಳಿದಿದ್ದರೆ, ಎದುರೆದುರು ಇಟ್ಟುಕೊಂಡು ಯಾರನ್ನು ತೆಗೆದರು, ಯಾಕೆ ತೆಗೆದರು ಎಂದು ಹತ್ತನೇ ಕ್ಲಾಸಿನ ಹುಡುಗಿಯೂ ಕೇಳಬಲ್ಲಳು.

ಹಾಗಂತ ಮೊಬೈಲು ಒಡೆಯಿರಿ ಎನ್ನುವ ಪೈಕಿ ನಾನಲ್ಲ. ನಮ್ಮವರು ಹಾಸ್ಟೆಲ್ಲಿನಲ್ಲಿ ಕೂತು ಅಂಬೇಡ್ಕರರ ಒಂದು ಪುಸ್ತಕಕ್ಕೆ ಊರೂರು ಅಲೆದದ್ದುಂಟು. ಈಗ ಅವರ ಇಂಗ್ಲಿಷ್ ಸಂಪುಟಗಳು ಕೇಂದ್ರ ಸರ್ಕಾರದ ಜಾಲತಾಣದಲ್ಲೇ ಪುಕ್ಕಟೆ. 2015ರಲ್ಲಿ ಶುರುವಾದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕತೆಗಳಿವೆ, ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದು. ಇದು ಸಣ್ಣ ಲಾಭವಲ್ಲ. ಆದರೆ ಇದೆ ಎಂದು ಮಗುವಿಗೆ ಹೇಳೋರು ಯಾರು? ಹುಡುಕು ಎಂದರೆ ಏನು ಹುಡುಕಬೇಕು ಎಂಬುದು ಮೊದಲು ಗೊತ್ತಿರಬೇಕಲ್ಲ. ಕೇಳುಸ್ಕರರ ಕೆಲಸ ಈಗ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಹಳ್ಳಿಯ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ವಹಿಸಿ, 2020ರಲ್ಲಿ 'ಓದುವ ಬೆಳಕು' ಎಂದು ಮಕ್ಕಳಿಗೆ ಬಿಟ್ಟಿ ಸದಸ್ಯತ್ವ ಕೊಟ್ಟದ್ದು ಒಳ್ಳೆಯ ಹೆಜ್ಜೆ. ಅಲ್ಲಿನ ಮೇಲ್ವಿಚಾರಕರು ಬಹುಕಾಲ ಗೌರವಧನದಲ್ಲಿ ದುಡಿದವರು. ಆ ಕಟ್ಟಡ ಊರಿನಲ್ಲಿದೆಯೋ ಕೇರಿಗೆ ಹತ್ತಿರವಿದೆಯೋ ಎಂದು ನಮ್ಮ ಸಂಘಟನೆಯ ಗೆಳೆಯರು ಒಮ್ಮೆ ಹೋಗಿ ನೋಡಬೇಕು.

ನನಗೆ ಗೊತ್ತಿರುವ ಒಬ್ಬ ಶಿಕ್ಷಕಿ ತಮ್ಮ ಶಾಲೆಯ ಬೀರುವಿನ ಬಾಗಿಲನ್ನೇ ಕಳಚಿಸಿದರು. ಪುಸ್ತಕಗಳನ್ನು ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗಕ್ಕೆ ನೇತುಹಾಕಿದರು. ಶನಿವಾರ ತಮ್ಮ ಮೊಬೈಲನ್ನು ಮಕ್ಕಳ ನಡುವೆ ಇಡುತ್ತಾರೆ. ಮಕ್ಕಳು ಅದರಲ್ಲಿ ಓದಿದ ಕತೆಯನ್ನು ನೋಟ್‌ಬುಕ್ಕಿನ ಹಾಳೆಗೆ ಬರೆದು, ಚಿತ್ರ ಹಾಕಿ ಅದೇ ಹಗ್ಗಕ್ಕೆ ತೂಗುಬಿಡುತ್ತಾರೆ. ವರ್ಷದ ಕೊನೆಗೆ 11 ಪುಸ್ತಕ ಇರಲಿಲ್ಲ. ರಿಜಿಸ್ಟರಿನಲ್ಲಿ 'ಓದಿ ಸವೆದವು' ಎಂದು ಬರೆದರು. ಅದಕ್ಕೆ ವಿವರಣೆ ಕೇಳಿ ಮೇಲಿನಿಂದ ಕಾಗದ ಬಂದಿದೆ. ಅದಕ್ಕೆ ಅವರಿನ್ನೂ ಉತ್ತರ ಬರೆದಿಲ್ಲ. ಕಾಗದವನ್ನೂ ಹಗ್ಗಕ್ಕೇ ನೇತುಹಾಕಿದ್ದಾರೆ.