ಒಂದು ಹಾಸು, ಎರಡು ಹೊದಿಕೆ

ಮದುವೆಯ ಉಡುಗೊರೆಯೆಂದು ಇಂದು ಮಂಗಳೂರಿನ ಜವಳಿ ಅಂಗಡಿಗಳಿಂದ ಅಂದವಾದ ಪೆಟ್ಟಿಗೆಗಳಲ್ಲಿ ಹೊರಬೀಳುವ ಶಯ್ಯಾವಸ್ತ್ರಗಳನ್ನು ಬಿಚ್ಚಿ ನೋಡಿದರೆ, ಅದರಲ್ಲಿ ಇಡೀ ಮಂಚಕ್ಕೆ ಸಾಲುವ ಒಂದು ಹಾಸು, ಅದೇ ಬಟ್ಟೆಯಿಂದ ಕತ್ತರಿಸಿದ ಎರಡು ದಿಂಬಿನ ಗವಸು, ಇಬ್ಬರನ್ನೂ ಮುಚ್ಚುವಷ್ಟು ಅಗಲವುಳ್ಳ ಒಂದೇ ಹೊದಿಕೆ, ಇವಿಷ್ಟೂ ಒಂದೇ ಬಣ್ಣದಲ್ಲಿ, ಒಂದೇ ನೇಯ್ಗೆಯಲ್ಲಿ ಮಡಿಸಿಟ್ಟಿರುವುದನ್ನು ಕಾಣುತ್ತೇವೆ. ಕಣ್ಣಿಗೆ ಇದು ಸೊಗಸು. ಆ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಮಂಚದ ಮೇಲೆ ಮಲಗುವ ಇಬ್ಬರ ತ್ವಚೆಗೂ ಒಂದೇ ವಸ್ತ್ರವು ಹಿತವಾಗಿರಬೇಕೆಂಬ ಊಹೆಯೊಂದು ಆ ಪೆಟ್ಟಿಗೆಯೊಳಗೆ ಬಟ್ಟೆಯ ಜೊತೆಗೇ ಮಡಿಸಿಕೊಂಡು ಮನೆಗೆ ಬರುತ್ತದೆಯಷ್ಟೆ, ಅದು ಸುಳ್ಳೆಂಬುದನ್ನು ಬಹುಕಾಲದ ದಾಂಪತ್ಯದ ಅನುಭವದಿಂದ ಬಲ್ಲೆನಾದ ಕಾರಣ, ಈ ಪದ್ಧತಿಯ ಗುಣದೋಷಗಳನ್ನು ವಿಚಾರಿಸುವುದು ಯುಕ್ತವೆಂದು ನನಗೆ ತೋರಿದೆ.

ನಮ್ಮ ಮನೆ ಇರುವುದು ದೇರೆಬೈಲಿನಲ್ಲಿ. ಹೆಸರಿನಲ್ಲಿ ಉಳಿದಿರುವ ಬೈಲು ಈಗ ಬಹುಮಟ್ಟಿಗೆ ಮನೆಗಳ ಅಡಿಯಲ್ಲಿದೆ. ಕೊಂಚಾಡಿಯ ಕಡೆಗೆ ಏರುವ ಮುರಕಲ್ಲಿನ ದಿಬ್ಬಗಳಲ್ಲಿ ಹಂಚಿನ ಮನೆಗಳ ಪಕ್ಕದಲ್ಲೇ ಎತ್ತರದ ವಸತಿ ಸಮುಚ್ಚಯಗಳು ಎದ್ದಿವೆ. ನಾನು ಕರಾವಳಿಯಲ್ಲಿ ಹುಟ್ಟಿದವನು. ನನ್ನ ಮಡದಿಯು ನವಲಗುಂದದ ಕಡೆಯ ಎರೆಮಣ್ಣಿನ ನಾಡಿನವಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಊರಿನ ಮೈಗೂ, ಅದರ ಐದರಲ್ಲೊಂದು ಪಾಲೂ ಬೀಳದ ಊರಿನ ಮೈಗೂ ಹೊದಿಕೆಯ ವಿಷಯದಲ್ಲಿ ಒಂದೇ ರುಚಿ ಬೆಳೆಯುವುದಾದರೂ ಹೇಗೆ? ನಾನು ಹೊದೆಯುತ್ತಿದ್ದುದು ಒಂದೆಳೆ ತೆಳ್ಳನೆಯ ಹತ್ತಿಯ ಬಟ್ಟೆ. ಅದನ್ನು ಮೊದಲ ಬಾರಿಗೆ ಮೈಮೇಲೆ ಎಳೆದುಕೊಂಡ ರಾತ್ರಿ ಆಕೆಯು, "ಇದು ಹೊದ್ದರೂ ಹೊದ್ದಾಂಗ ಆಗೂದಿಲ್ರೀ" ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ಬಾಲ್ಯದಿಂದ ಮೈಯರಿತ ಒಂದು ಭಾರದ ಅಭಾವವನ್ನು ಆಕೆ ಹಾಗೆ ಹೇಳಿಕೊಂಡಿದ್ದಳು.

ಆ ಭಾರವು ಕೌದಿಯದು. ಕೌದಿಯನ್ನು ಬಡತನದ ಹೊದಿಕೆಯೆಂದು, ಹಳೆಯ ಅರಿವೆಯ ಮಿತವ್ಯಯವೆಂದು ಮಾತ್ರ ಬಗೆಯುವವರು ಅದನ್ನು ಒಮ್ಮೆಯೂ ಹೊದ್ದವರಲ್ಲ. ನನ್ನ ಅತ್ತೆಯವರು ಮಗಳಿಗೆ ಕೊಟ್ಟ ಕೌದಿಯು ಇಂದಿಗೂ ನಮ್ಮಲ್ಲಿದೆ. ಉಟ್ಟು ಸವೆದ ಇಳಕಲ್ಲ ಸೀರೆ, ಧೋತರದ ತುಂಡು, ಕುಪ್ಪಸದ ಕಣದ ಚೂರು, ಇವುಗಳನ್ನು ನಾಲ್ಕಾರು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೌಕಗಳನ್ನು ಹೊಂದಿಸಿ, ಅಂಚಿನಿಂದ ಮೊದಲುಮಾಡಿ ಸುತ್ತುಸುತ್ತಾಗಿ ಒಳಮುಖಕ್ಕೆ ಬರುವ ಕೈಹೊಲಿಗೆಯ ಸಾಲುಗಳಿಂದ ಅದೆಲ್ಲವನ್ನೂ ಒಂದೇ ದೇಹವನ್ನಾಗಿ ಮಾಡಿದ್ದಾರೆ. ನೂರಾರು ಒಗೆತಗಳಲ್ಲಿ ಗಂಜಿಯನ್ನೂ ಬಿಗುವನ್ನೂ ಕಳೆದುಕೊಂಡ ಹತ್ತಿಗೆ ಬರುವ ಮಾರ್ದವವು ಯಾವ ಗಿರಣಿಯ ಹೊಸ ಬಟ್ಟೆಗೂ ಬರುವಂಥದಲ್ಲ. ಪದರ ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗೆ ಕಾಯುವುದು. ಪದರಗಳ ತೂಕವು ಮೈಗೆ ಅಂಟಿ, ನಿದ್ರೆಯಲ್ಲಿ ಹೊರಳಿದರೂ ಜಾರದೆ, ಯಾರೋ ತಟ್ಟಿ ಮಲಗಿಸಿದಂತಹ ನೆಮ್ಮದಿಯನ್ನು ಕೊಡುವುದು. ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗಳನ್ನೂ ನಾನು ನೋಡಿದ್ದೇನೆ. ಬಣ್ಣಗಳನ್ನು ಎದುರುಬದುರು ನಿಲ್ಲಿಸುವ ಅವರ ಧೈರ್ಯವು ಬೇರೆ, ನಮ್ಮ ಕೌದಿಯ ಸೌಮ್ಯತೆಯು ಬೇರೆ. ಎರಡರಲ್ಲಿಯೂ ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟು ಹೊಲಿದ ಆತ್ಮೀಯತೆಯಿದೆ. ನನ್ನ ಅತ್ತೆಯವರ ಕೌದಿಯ ಅಳತೆಯು ಮಗಳೊಬ್ಬಳ ಅಳತೆ. ಅದರಲ್ಲಿ ಅಳಿಯನಿಗೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ.

ನನ್ನ ಪಕ್ಷವನ್ನು ಸಮರ್ಥಿಸಲು ನನಗೆ ಹವೆಯೇ ಸಾಕ್ಷಿ. ಜವಳಿ ಪರೀಕ್ಷೆಯವರು ಶೇಕಡಾ 65ರ ಆರ್ದ್ರತೆಯ ಕೋಣೆಯಲ್ಲಿ ನೂಲನ್ನಿರಿಸಿ, ಅದು ತನ್ನ ತೂಕದ ಎಷ್ಟು ಪಾಲು ತೇವವನ್ನು ಹೀರಿಕೊಳ್ಳುವುದೆಂದು ಅಳೆಯುತ್ತಾರೆ: ಹತ್ತಿಯು ಸುಮಾರು ಶೇಕಡಾ 8.5, ಅಗಸೆನಾರಿನ ಲಿನೆನ್ನು ಸುಮಾರು 12, ಉಣ್ಣೆಯು ಸುಮಾರು 16, ಪಾಲಿಯೆಸ್ಟರಾದರೋ ಬರಿಯ 0.4. ಆಷಾಢದ ರಾತ್ರಿಗಳಲ್ಲಿ ದೇರೆಬೈಲಿನ ಗಾಳಿಯ ತೇವವು ಆ ಪರೀಕ್ಷಾ ಕೋಣೆಯದನ್ನು ಬಹುದೂರ ಮೀರಿರುತ್ತದೆ. ಬೆವರು ಆರುವುದಕ್ಕೆ ಎಡೆಯಿಲ್ಲದ ಅಂತಹ ಹೊತ್ತಿನಲ್ಲಿ ಹೀರದ ಬಟ್ಟೆಯು ಮೈಗೆ ಅಂಟುತ್ತದೆ, ಹಲವು ಪದರದ ಬಟ್ಟೆಯು ಉಸಿರು ಕಟ್ಟಿಸುತ್ತದೆ. ತೆಳ್ಳನೆಯ ಹತ್ತಿಯಾದರೋ ತೇವವನ್ನು ಕೊಂಡು ಗಾಳಿಗೆ ಒಪ್ಪಿಸುವಂಥದು. ಕರಾವಳಿಯ ಮಗ್ಗಗಳು ಇದನ್ನು ಚೆನ್ನಾಗಿ ಅರಿತಿದ್ದುವು. ಕಿನ್ನಿಗೋಳಿಯ ಸಮೀಪದ ತಾಳಿಪಾಡಿಯ ನೇಕಾರರು ಇಂದಿಗೂ ನೇಯುವ ಉಡುಪಿ ಸೀರೆಯ ಹಗುರವನ್ನು ಬೆರಳಲ್ಲಿ ಹಿಡಿದು ನೋಡಿದವರಿಗೆ ನನ್ನ ಮಾತು ತಿಳಿಯುತ್ತದೆ. ತೆಂಕಣಕ್ಕೆ ಹೋದರೆ ಕಣ್ಣಾನೂರಿನ ಕೈಮಗ್ಗದ ಹಾಸುಗಳು. ಅವುಗಳದು ಇನ್ನೂ ಗಟ್ಟಿಯಾದ ಬಟ್ಟೆ, ವರ್ಷಗಟ್ಟಲೆ ಒಗೆದರೂ ಅಂಚು ಸಡಿಲದ ನೇಯ್ಗೆ.

ಹೀಗೆ ಎರಡು ಪಕ್ಷಗಳೂ ಸಕಾರಣವಾಗಿರುವಲ್ಲಿ ರಾಜಿಯೊಂದನ್ನು ಹುಡುಕುವುದು ಮನುಷ್ಯ ಸಹಜ. ನಾವೂ ಹುಡುಕಿದೆವು. ಹತ್ತಿಗೆ ಪಾಲಿಯೆಸ್ಟರನ್ನು ಬೆರೆಸಿದ, ಒಳಗೆ ನಾರಿನ ಹತ್ತಿಯನ್ನು ತುಂಬಿದ ಹೊದಿಕೆಯೊಂದನ್ನು ತಂದು, ಇದು ನನ್ನದರಷ್ಟು ತೆಳುವಲ್ಲದೆ ಆಕೆಯದರಷ್ಟು ಭಾರವೂ ಅಲ್ಲದೆ ಇಬ್ಬರಿಗೂ ಒಗ್ಗೀತೆಂದು ಎರಡು ಮಳೆಗಾಲ ಕಳೆದೆವು. ಅದರಿಂದ ನಾನು ಬೆವತೆನು, ಆಕೆಗೆ ಹೊದ್ದಂತೆಯೇ ಆಗಲಿಲ್ಲ. ಇಬ್ಬರ ರುಚಿಗಳ ನಡುವಣ ಬಿಂದುವಿನಲ್ಲಿ ಇಬ್ಬರೂ ಸುಖಿಗಳಾಗುವರೆಂಬುದು ಲೆಕ್ಕದ ಪುಸ್ತಕದಲ್ಲಿ ಸತ್ಯವಿದ್ದೀತು, ಹಾಸಿಗೆಯಲ್ಲಿ ಅಲ್ಲ. ಬೆರಕೆಯ ಬಟ್ಟೆಗೆ ಒಂದು ಗುಣವುಂಟೆಂಬುದನ್ನು ಒಪ್ಪಲೇಬೇಕು: ಬಿಸಿಲಿಲ್ಲದ ವಾರಗಳಲ್ಲಿಯೂ ಅದು ಫ್ಯಾನಿನಡಿ ಒಂದಿರುಳಲ್ಲಿ ಒಣಗುತ್ತದೆ. ಒಣಗುವುದಕ್ಕಾಗಿಯೇ ಹೊದಿಕೆಯನ್ನು ಆರಿಸುವುದಾದರೆ ಅದೇ ಶ್ರೇಷ್ಠ.

ತರುವಾಯ ಬಂದುದು ಕೂಡುಹೊಲಿಗೆಯ ಯೋಚನೆ. ದುಪ್ಪಟಿ ಎಂಬ ಪದವೇ ಎರಡು ಪಟ್ಟಿಗಳನ್ನು ಕೂಡಿಸಿದ ಬಟ್ಟೆಯೆಂಬ ಅರ್ಥವನ್ನು ಒಡಲಲ್ಲಿ ಇಟ್ಟುಕೊಂಡಿದೆಯಲ್ಲವೆ? ಹಾಗಿದ್ದ ಮೇಲೆ ಒಂದು ಪಟ್ಟಿ ತೆಳ್ಳನೆಯ ಹತ್ತಿ, ಮತ್ತೊಂದು ಪಟ್ಟಿ ದಪ್ಪನೆಯ ಬಟ್ಟೆ, ನಡುವೆ ಒಂದು ಹೊಲಿಗೆ, ಹೀಗೆ ಆಗಬಾರದೇಕೆ ಎಂದು ಬಗೆದು ದರ್ಜಿಯಿಂದ ಮಾಡಿಸಿಯೂ ನೋಡಿದೆವು. ಮೊದಲನೆಯ ಒಗೆತದಲ್ಲಿ ಎರಡು ಬಟ್ಟೆಗಳು ಎರಡು ಪ್ರಮಾಣದಲ್ಲಿ ಕುಗ್ಗಿ ನಡುವಣ ಹೊಲಿಗೆಯು ನೆರಿಗೆಗಟ್ಟಿತು. ರಾತ್ರಿಯಲ್ಲಿ ಭಾರದ ಪಾಲು ಹಗುರದ ಪಾಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಬೆಳಗಿನ ಜಾವಕ್ಕೆ ನಾನು ಬರಿಮೈಯಲ್ಲಿರುತ್ತಿದ್ದೆನು. ಹಾಗೆ ನೋಡಿದರೆ ಹಿಂದಿನ ದುಪ್ಪಟಿಯನ್ನು ಎರಡು ಪಟ್ಟಿಗಳಿಂದ ಹೊಲಿಯುತ್ತಿದ್ದುದು ಇಬ್ಬರ ರುಚಿಗಾಗಿ ಅಲ್ಲ. ಲಾಳಿಯನ್ನು ಕೈಯಿಂದ ಕೈಗೆ ದಾಟಿಸುವ ಮಗ್ಗದಲ್ಲಿ ನೇಕಾರನ ತೋಳು ಎಟಕುವಷ್ಟೇ ಬಟ್ಟೆಯ ಪನ್ನ ಇರಲು ಸಾಧ್ಯವಾದುದರಿಂದ.

ಇಲ್ಲಿಯೇ ನನಗೆ ಈ ಇಡೀ ವಿಷಯದ ಕೀಲು ಸಿಕ್ಕಿದುದು. ಬಟ್ಟೆಯ ಪನ್ನವು ಒಬ್ಬ ಮನುಷ್ಯನ ತೋಳಿನ ಅಳತೆಯಲ್ಲಿ ಇದ್ದಷ್ಟು ಕಾಲವೂ ಹೊದಿಕೆಯು ಬಹುಮಟ್ಟಿಗೆ ಒಬ್ಬ ಮನುಷ್ಯನದೇ ಆಗಿದ್ದಿತು. ಹಗ್ಗವನ್ನೆಳೆದು ಲಾಳಿಯನ್ನು ಹಾರಿಸುವ ಮಗ್ಗವನ್ನು ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ರೂಪಿಸಿದ ಮೇಲೆ ಅಗಲದ ಈ ಬಂಧನವು ಕಳಚಿತು. ನಮ್ಮ ಕರಾವಳಿಗೆ ಅಂತಹ ಮಗ್ಗಗಳನ್ನು ತಂದು ಬಳಕೆಗೆ ಇಟ್ಟವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು. 1851ರಲ್ಲಿ ಇಲ್ಲಿಗೆ ಬಂದ ಅವರ ನೇಯ್ಗೆಯ ತಜ್ಞ ಜಾನ್ ಹಾಲರನನ್ನು ಖಾಕಿ ಬಣ್ಣಕ್ಕಾಗಿ ಊರು ನೆನೆಯುತ್ತದೆ. ಅಗಲವಾದ ಮೇಜುಹಾಸು, ಮಂಚದ ಹಾಸುಗಳ ಕಡೆಗೆ ಈ ತೀರದ ನೇಯ್ಗೆಯು ತಿರುಗಿದುದರಲ್ಲಿಯೂ ಆ ಕಾರ್ಖಾನೆಗಳ ಪಾಲು ದೊಡ್ಡದೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕೆ ಮುಂಚಿನ, ಅಷ್ಟೇಕೆ, ನನ್ನ ಬಾಲ್ಯದ ಮನೆಯಲ್ಲಿಯೂ ಗಂಡಹೆಂಡಿರು ಮಲಗುತ್ತಿದ್ದುದು ಒತ್ತಾಗಿ ಬಿಡಿಸಿದ ಎರಡು ಚಾಪೆಗಳ ಮೇಲೆ. ಚಾಪೆ ಅವರವರದು, ಹೊದಿಕೆ ಅವರವರದು, ಬೂರುಗದ ಅರಳೆಯ ತಲೆದಿಂಬಿನ ಎತ್ತರವೂ ಅವರವರದು. ಅಜ್ಜನದು ಕರಿಕಂಬಳಿ, ಅಜ್ಜಿಯದು ಮಡಿಸಿದ ಹಳೆಯ ಸೀರೆ. ಅವರ ಅರುವತ್ತು ವರ್ಷಗಳ ದಾಂಪತ್ಯಕ್ಕೆ ಈ ಭೇದದಿಂದ ಯಾವ ಕೊರತೆಯೂ ಆದುದನ್ನು ನಾನು ಕಾಣೆನು. ಯೂರೋಪಿನ ಉತ್ತರದೇಶಗಳಲ್ಲಿ ದಂಪತಿಗಳು ಒಂದೇ ಮಂಚದಲ್ಲಿ ಎರಡು ಬಿಡಿ ರಜಾಯಿಗಳನ್ನು ಹೊದೆಯುವುದು ವಾಡಿಕೆಯೆಂದು ಈಚೆಗೆ ಹೊಸ ಸಂಗತಿಯೆಂಬಂತೆ ಹೇಳುವವರಿದ್ದಾರೆ; ನಮ್ಮ ಚಾವಡಿಗಳಿಗೆ ಅದು ಹೊಸತೇನೂ ಅಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಹಾಸು ಒಂದಿರಲಿ, ಹೊದಿಕೆ ಎರಡಿರಲಿ. ಹಾಸಿನ ವಿಷಯದಲ್ಲಿ ಒಮ್ಮತವು ಸುಲಭ, ಏಕೆಂದರೆ ಬೆನ್ನು ಬೇಡುವುದು ಬೆಚ್ಚನ್ನಲ್ಲ, ನಯವನ್ನೂ ಒಣತನವನ್ನೂ. ಒಂದೆಳೆ ಮೇಲೆ, ಒಂದೆಳೆ ಕೆಳಗೆ ಹಾಯುವ ಸಾದಾ ನೇಯ್ಗೆಯ ಶುದ್ಧ ಹತ್ತಿಯ ಹಾಸನ್ನು ನಾನು ಮೇಲೆಂದು ಬಗೆಯುತ್ತೇನೆ. ನಾಲ್ಕೆಳೆಗಳ ಮೇಲೆ ಹಾದು ಒಂದರ ಕೆಳಗೆ ಇಳಿಯುವ ಸ್ಯಾಟಿನ್ ನೇಯ್ಗೆಯು ಕೈಗೆ ರೇಷ್ಮೆಯಂತಿದ್ದರೂ ಹೆಚ್ಚು ಒತ್ತಾಗಿ, ನಮ್ಮ ಸೆಕೆಯಲ್ಲಿ ಗಾಳಿಯನ್ನು ತಡೆಯುವಂಥದು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯುವ ಥ್ರೆಡ್ ಕೌಂಟಿಗೆ ಮರುಳಾಗಬೇಕಿಲ್ಲ. ಒಂದು ಚದರ ಅಂಗುಲದಲ್ಲಿರುವ ಹಾಸುಹೊಕ್ಕಿನ ಎಳೆಗಳ ಮೊತ್ತವೆಂಬುದು ಅದರ ನಿಜಾರ್ಥ. ಎರಡು ಮೂರು ನೂಲುಗಳನ್ನು ಹುರಿಗೊಳಿಸಿದ ಒಂದೆಳೆಯನ್ನು ಎರಡು ಮೂರಾಗಿ ಎಣಿಸಿ ಆ ಅಂಕೆಯನ್ನು ಉಬ್ಬಿಸುವುದುಂಟು. ಹತ್ತಿಯ ಉದ್ದನೆಯ ಎಳೆಗಿಂತ ಮಿಗಿಲಾದ ಗುಣ ಬೇರೊಂದಿಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಾತರ್ಕಿಯವರು ಬೆಳೆಸಿದ ವರಲಕ್ಷ್ಮಿ ಹತ್ತಿಯು ಅಂತಹ ಉದ್ದನೆಯ ಎಳೆಯದೇ ಆಗಿತ್ತೆಂಬುದನ್ನು ನನ್ನ ಮಡದಿಯು ತನ್ನ ನಾಡಿನ ಹೆಮ್ಮೆಯಿಂದ ಹೇಳುವುದುಂಟು. ದಿಂಬಿನ ಗವಸು ಮಾತ್ರ ತೆಂಗಿನೆಣ್ಣೆಯ ತಲೆಗೆ ತಕ್ಕಂತೆ ಬಿಸಿನೀರಿನಲ್ಲಿ ಕುದಿಸಬಲ್ಲ ಹತ್ತಿಯದಿರಬೇಕು.

ಆರು ಅಡಿ ಅಗಲದ ನಮ್ಮ ಮಂಚದ ಮೇಲೆ ಈಗ ಐದಡಿ ಅಗಲ, ಏಳೂವರೆ ಅಡಿ ಉದ್ದದ ನನ್ನ ತೆಳುಬಟ್ಟೆಯಿದೆ, ಅದರ ಪಕ್ಕದಲ್ಲಿ ಆಕೆಯ ಹೊದಿಕೆ. ಮಂಚವು ಹಗಲಿನಲ್ಲಿ ಅಂಗಡಿಯ ಚಿತ್ರದಂತೆ ಕಾಣುವುದಿಲ್ಲ. ಬಂದ ನೆಂಟರ ಕಣ್ಣಿಗೆ ಎರಡು ಬಣ್ಣಗಳು ಬೀಳುತ್ತವೆ. ಈ ಏರ್ಪಾಡಿನಲ್ಲಿ ಬಿಡಿಸಬೇಕಾದ ಗಂಟು ಇನ್ನೊಂದಿದೆ, ಅದನ್ನು ಮುಚ್ಚಿಡಲಾರೆ. ಕೌದಿಯು ಬಯಲುಸೀಮೆಯ ಬಿಸಿಲನ್ನು ನಂಬಿ ಹುಟ್ಟಿದ ವಸ್ತು. ಅಲ್ಲಿ ಬೆಳಗ್ಗೆ ಒಗೆದು ಹರವಿದರೆ ಸಂಜೆಗೆ ಗರಿಗರಿ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದನ್ನು ನೀರಿಗೆ ಹಾಕುವಂತೆಯೇ ಇಲ್ಲ, ಹಾಕದಿದ್ದರೂ ಒಳಪದರಗಳು ಮುಗ್ಗು ವಾಸನೆ ಹಿಡಿಯುತ್ತವೆ. ಒಂದು ವರ್ಷ ಹಾಗೆ ಬೂಷ್ಟು ಹತ್ತಿ ಒಂದು ಮೂಲೆಯ ಚೌಕಗಳು ಕಪ್ಪುಚುಕ್ಕೆಯಾದಾಗ ಆಕೆಯು ಏನೂ ಆಡಲಿಲ್ಲ. ಅದೇ ಬಣ್ಣದ ತುಂಡುಗಳನ್ನು ತವರಿನಿಂದ ತರಿಸಿ, ಮೂರು ಮಧ್ಯಾಹ್ನ ಕೂತು ಮತ್ತೆ ಹೊಲಿದಳು. ಅಂದಿನಿಂದ ಮಳೆಯ ತಿಂಗಳುಗಳಿಗೆ ಕುರಿಯುಣ್ಣೆಯ ಕಂಬಳಿಯನ್ನು ಹಿಡಿದಿದ್ದಾಳೆ. ತೇವವನ್ನು ಒಡಲಿಗೆ ಎಳೆದುಕೊಂಡೂ ಮೈಗೆ ಒದ್ದೆಯೆನಿಸದಿರುವ ಶಕ್ತಿ ಉಣ್ಣೆಗಿದೆ. ಕುರಿಗಾಹಿಗಳು ಮಳೆಯಲ್ಲಿ ಅದನ್ನೇ ಕೊಪ್ಪೆಯಾಗಿ ತಲೆಗೇರಿಸುವುದು ಸುಮ್ಮನೆ ಅಲ್ಲ. ಅದರ ಚುಚ್ಚು ನನಗೆ ತಾಗದಿರಲೆಂದು ನನ್ನ ಕಡೆಯ ಅಂಚಿಗೆ ಹಳೆಯ ಸೀರೆಯೊಂದರ ಪಟ್ಟಿಯನ್ನು ತಾನೇ ಹೊಲಿದುಕೊಂಡಿದ್ದಾಳೆ. ಕೌದಿಯು ಒಗೆಸಿಕೊಂಡು, ಚೆನ್ನಾಗಿ ಒಣಗಿ, ಹತ್ತಿಯ ಚೀಲದಲ್ಲಿ ಕಪಾಟಿನ ಮೇಲಿನ ಹಲಗೆಯಲ್ಲಿದೆ. ದೀಪಾವಳಿ ಕಳೆದು, ಕೊಂಚಾಡಿಯ ಕಡೆಯಿಂದ ಬೆಳಗಿನ ಗಾಳಿ ಒಣಗಿ ಬೀಸತೊಡಗಿದೊಡನೆ ಅದನ್ನು ಇಳಿಸುವುದು ನನ್ನ ಕೆಲಸ.