ಗಾಣದ ಕಲ್ಲು: ಎರಡು ಗ್ರಂಥಗಳ ನಡುವೆ ಉಳಿದುಹೋದ ಸಾಕ್ಷ್ಯ

ಹರಪನಹಳ್ಳಿ, ಹಡಗಲಿ ಸೀಮೆಯ ಬಯಲಿನಲ್ಲಿಯೂ ಗುಡ್ಡಗಳ ಮೇಲೆಯೂ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಅವನ್ನು ಕಂಡ ವಿದ್ಯಾರ್ಥಿಗಳು ಈ ನಾಡಿನ ಹಳೆಯ ಗಾಳಿಗಿರಣಿ ಎಲ್ಲಿದೆಯೆಂದು ಕೇಳುವುದು ಸಹಜ. ಇರಾನಿನ ನಶ್ತಿಫಾನಿನಲ್ಲಿ ಜನರು ಮಣ್ಣಿನ ಗಾಳಿಗಿರಣಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮಲ್ಲಿಯಾದರೋ ಗಾಳಿಯು ಕಣದಲ್ಲಿ ರಾಶಿ ತೂರುವುದಕ್ಕೆ ಒದಗಿತು. ಎಣ್ಣೆ ತೆಗೆಯುವ ಭಾರವು ಎತ್ತಿನ ಹೆಗಲಿಗೆ ಬಿದ್ದಿತು. ಆದುದರಿಂದ ನಾವು ಅರಸಬೇಕಾದುದು ಕಲ್ಲುಗಾಣವನ್ನು.

ಈ ಸೀಮೆಯ ಅಧ್ಯಯನಕ್ಕೆ ಎರಡು ಗ್ರಂಥಗಳು ಆಧಾರಪ್ರಾಯವಾಗಿವೆ. ಮೊದಲನೆಯದು 1896ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ರೀ ಅವರ ಚಾಲುಕ್ಯ ವಾಸ್ತುಶಿಲ್ಪ ಗ್ರಂಥ. ಬಾಗಳಿ, ಮಾಗಳ, ಕುರುವತ್ತಿ, ಹಿರೇಹಡಗಲಿಯ ಗುಡಿಗಳ ನಕ್ಷೆಗಳನ್ನೂ ಕಂಬ, ಬಾಗಿಲುವಾಡಗಳ ಚಿತ್ರಗಳನ್ನೂ ಅವರು ಶ್ರದ್ಧೆಯಿಂದ ಕೊಟ್ಟಿದ್ದಾರೆ. ಎರಡನೆಯದು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ 1939ರ ಮೊದಲ ಭಾಗ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರು ಸಂಪಾದಿಸಿದ ಈ ಸಂಪುಟವಿಲ್ಲದೆ ಬಳ್ಳಾರಿ ಸೀಮೆಯ ಚರಿತ್ರೆಯನ್ನು ಬರೆಯುವುದು ಅಸಾಧ್ಯ.

ಆದರೂ ಎರಡಕ್ಕೂ ಒಂದೊಂದು ಮಿತಿಯುಂಟು. ರೀ ಅವರ ದೃಷ್ಟಿ ಗುಡಿಯ ಗೋಡೆಯಲ್ಲಿ ನೆಲೆಸಿದೆ. ಸಂಪುಟವು ಶಾಸನಗಳನ್ನು ರಾಜವಂಶಗಳಿಗನುಸಾರವಾಗಿ ಜೋಡಿಸಿರುವುದರಿಂದ ಓದುಗನ ಮನಸ್ಸು ಮೊದಲು ಅರಸನ ಹೆಸರಿಗೂ ಕಾಲಕ್ಕೂ ಹೋಗುತ್ತದೆ. ಆದರೆ ಗುಡಿಯ ನಂದಾದೀವಿಗೆಯನ್ನು ಉರಿಸಿದುದು ಪ್ರಶಸ್ತಿಯ ಸಾಲುಗಳಲ್ಲ, ಎಣ್ಣೆ. ಕನ್ನಡ ಶಾಸನಗಳ ದತ್ತಿಭಾಗದಲ್ಲಿ ಗಾಣದ ಆಯ, ದೀವಿಗೆಯ ಎಣ್ಣೆ, ತೆಲ್ಲಿಗರ ಐವತ್ತೊಕ್ಕಲು ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಗುಡಿಯನ್ನು ಕಟ್ಟಿಸಿದವರು ಯಾರೆಂಬುದನ್ನು ಶಾಸನದ ಪೂರ್ವಾರ್ಧ ಹೇಳಿದರೆ, ಅದನ್ನು ನಡೆಸಿದವರು ಯಾರೆಂಬುದನ್ನು ಉತ್ತರಾರ್ಧ ಹೇಳುತ್ತದೆ. ತರಗತಿಯಲ್ಲಿ ನಾವೂ ಪೂರ್ವಾರ್ಧವನ್ನೇ ಬೋಧಿಸಿ ತೃಪ್ತರಾಗಿದ್ದೇವೆ; ಈ ಆಕ್ಷೇಪ ನಮಗೂ ಸಲ್ಲುತ್ತದೆ.

ಇದರ ಪರಿಣಾಮ ಓದಿಗಷ್ಟೇ ಸೀಮಿತವಲ್ಲ. ಬರಹವಿರುವ ಕಲ್ಲನ್ನು ಸಂಗ್ರಹಾಲಯಕ್ಕೆ ಒಯ್ಯುತ್ತಾರೆ. ಬರಹವಿಲ್ಲದ ಗಾಣದ ಕಲ್ಲನ್ನು ಯಾರೂ ಕೇಳುವುದಿಲ್ಲ. ಎಣ್ಣೆಯ ಯಂತ್ರಗಳು ಬಂದ ಮೇಲೆ ಅದರ ಉಪಯೋಗವೂ ತೀರಿತು. ರಸ್ತೆಗೋ ಪಾಯಕ್ಕೋ ಒಡೆದುಹೋದರೆ, ಶಾಸನದಲ್ಲಿ ಹೆಸರು ಮಾತ್ರ ಉಳಿದು ವಸ್ತು ಇಲ್ಲವಾಗುತ್ತದೆ. ಕಾನೂನಿನ ಕೊರತೆಯೆಂದು ಹೇಳುವಂತಿಲ್ಲ. 1958ರ ಕೇಂದ್ರ ಶಾಸನವೂ 1961ರ ರಾಜ್ಯ ಶಾಸನವೂ ಇವೆ. ಕೊರತೆಯಿರುವುದು ನಮ್ಮ ನೋಟದಲ್ಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಂದ ಊರೂರಿನ ಗಾಣದ ಕಲ್ಲುಗಳ ಅಳತೆ, ಇರುವ ಸ್ಥಳ, ಹಿರಿಯರ ನೆನಪುಗಳನ್ನು ಬರೆಯಿಸಿ ಇಟ್ಟರೆ, ಈ ಎರಡು ಗ್ರಂಥಗಳ ನಡುವಣ ತೆರಪು ತಕ್ಕಮಟ್ಟಿಗೆ ತುಂಬೀತು. ಕಲ್ಲನ್ನು ಕದಲಿಸದೆ ಅದರ ಊರಿನಲ್ಲಿಯೇ ಉಳಿಸುವುದು ಲೇಸೆಂದು ನಾವು ಭಾವಿಸುತ್ತೇವೆ.